ಪಿ ಅಂಡ್ ಓ ಕಂಪನಿಯ ಆರ್ಥರ್ ಆಂಡರ್ಸನ್: ಸರ್ಕಾರದ ಅಂಚೆ ಗುತ್ತಿಗೆ, ಸಂಸತ್ ಸ್ಥಾನ ಎರಡನ್ನೂ ಹೊಂದಿದ್ದವನ ಜೀವನವನ್ನು ಹೇಗೆ ಬರೆಯಬೇಕು?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ಕಲಬುರಗಿ

ಎಲ್ಲರಿಗೂ ಶರಣು.

ಹತ್ತೊಂಬತ್ತನೆಯ ಶತಮಾನದ ವ್ಯಾಪಾರ ಮತ್ತು ರಾಜಕಾರಣ ಕುರಿತು ನಮ್ಮ ವಿಭಾಗದಲ್ಲಿ ನಡೆಯಲಿರುವ ವಿಚಾರಗೋಷ್ಠಿಗೆ ನಾನು ಪಿ ಅಂಡ್ ಓ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬನಾದ ಆರ್ಥರ್ ಆಂಡರ್ಸನ್‌ನ ಜೀವನವನ್ನು ವಿಷಯವಾಗಿ ತೆಗೆದುಕೊಂಡಿದ್ದೇನೆ. ಆತನ ಬಾಲ್ಯ ಮತ್ತು ವ್ಯಾಪಾರದ ಭಾಗ ಸಲೀಸಾಗಿ ಬರೆದು ಮುಗಿಯಿತು. ರಾಜಕೀಯದ ಭಾಗಕ್ಕೆ ಬಂದಾಗ ಬರವಣಿಗೆ ಮುಂದೆ ಸಾಗುತ್ತಿಲ್ಲ. ತಿಳಿದವರ ಅಭಿಪ್ರಾಯ ಬೇಕಾಗಿದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಆಂಡರ್ಸನ್ 1792ರಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ, ಲರ್ವಿಕ್ ಊರಿನ ಹತ್ತಿರದ ಗ್ರೆಮಿಸ್ಟಾ ಎಂಬಲ್ಲಿ ಹುಟ್ಟಿದ. ಚಿಕ್ಕ ಹುಡುಗನಾಗಿದ್ದಾಗಲೇ ತಾಮಸ್ ಬೋಲ್ಟ್ ಎಂಬ ವ್ಯಾಪಾರಿಯ ಬಳಿ ದುಡಿಮೆಗೆ ಸೇರಿ, ಉಪ್ಪು ಹಾಕಿದ ಮೀನನ್ನು ಸಮುದ್ರದಂಡೆಯ ಕಲ್ಲುಗಳ ಮೇಲೆ ಹರವಿ ಒಣಗಿಸುವ ಕೆಲಸ ಮಾಡುತ್ತಿದ್ದ. ಮುಂದೆ ನೌಕಾಪಡೆ ಸೇರಿದಾಗ, ಒಳ್ಳೆಯದನ್ನು ಮಾಡು, ಹಿಡಿದದ್ದನ್ನು ಬಿಡಬೇಡ ಎಂಬ ಅರ್ಥದ ಬುದ್ಧಿಮಾತು ಹೇಳಿ ಬೋಲ್ಟ್ ಬೀಳ್ಕೊಟ್ಟನಂತೆ. ಆಂಡರ್ಸನ್ 1862ರಲ್ಲಿ ಲರ್ವಿಕ್‌ನಲ್ಲಿ ತೆರೆದ ಶಾಲೆಗೆ ಆ ಮಾತೇ ಧ್ಯೇಯವಾಕ್ಯವಾಯಿತು. ನೆಪೋಲಿಯನ್ನನ ಯುದ್ಧ ಮುಗಿದ ಮೇಲೆ, 1815ರಲ್ಲಿ, ಕೈಯಲ್ಲಿ ಕಾಸಿಲ್ಲದೆ ಲಂಡನ್ನಿಗೆ ಬಂದು ಬ್ರೋಡಿ ವಿಲ್ಕಾಕ್ಸ್ ಎಂಬ ಹಡಗು ದಲಾಲನ ಕಚೇರಿಯಲ್ಲಿ ಗುಮಾಸ್ತನಾದ, ಕೆಲವೇ ವರ್ಷಗಳಲ್ಲಿ ಅದೇ ಕಚೇರಿಗೆ ಪಾಲುದಾರನೂ ಆದ. ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳ ಅಂತರ್ಯುದ್ಧಗಳಲ್ಲಿ ಈ ಇಬ್ಬರೂ ಅಲ್ಲಿಯ ರಾಣಿಯರ ಪಕ್ಷ ವಹಿಸಿದ್ದರು. ಇಂದಿಗೂ ಕಂಪನಿಯ ಬಾವುಟದಲ್ಲಿರುವ ನೀಲಿ–ಬಿಳಿ ಪೋರ್ಚುಗಲ್‌ನವು, ಕೆಂಪು–ಹಳದಿ ಸ್ಪೇನ್‌ನವು.

ದೊಡ್ಡ ತಿರುವು ಬಂದದ್ದು 1837ರಲ್ಲಿ. ಸ್ಪೇನ್, ಪೋರ್ಚುಗಲ್ ಮತ್ತು ಜಿಬ್ರಾಲ್ಟರ್‌ಗೆ ವಾರಕ್ಕೊಮ್ಮೆ ಅಂಚೆ ಒಯ್ಯುವ ಗುತ್ತಿಗೆ ವರ್ಷಕ್ಕೆ 29,600 ಪೌಂಡಿನಂತೆ ಅವರಿಗೆ ಸಿಕ್ಕಿತು. 1840ರ ಕೊನೆಗೆ ರಾಣಿಯ ಸನ್ನದು ದೊರೆತು ‘ಪೆನಿನ್ಸುಲರ್ ಅಂಡ್ ಓರಿಯಂಟಲ್’, ಅಂದರೆ ಪಿ ಅಂಡ್ ಓ, ಕಂಪನಿ ಹುಟ್ಟಿತು. 1842ರ ಸೆಪ್ಟೆಂಬರಿನಲ್ಲಿ ‘ಹಿಂದೋಸ್ತಾನ್’ ಎಂಬ 520 ಅಶ್ವಶಕ್ತಿಯ ಉಗಿಹಡಗು ಸೌಥಾಂಪ್ಟನ್‌ನಿಂದ ಕಲ್ಕತ್ತೆಗೆ ಹೊರಟಿತು. 1847ರಲ್ಲಿ ಆಂಡರ್ಸನ್ ಆರ್ಕ್ನಿ ಮತ್ತು ಶೆಟ್ಲೆಂಡ್ ಕ್ಷೇತ್ರದಿಂದ ಲಿಬರಲ್ ಸಂಸದನಾದ. 1852ರವರೆಗೆ ಮಾತ್ರ ಆ ಸ್ಥಾನದಲ್ಲಿದ್ದ.

ನನ್ನ ತೊಡಕು ಇಲ್ಲಿದೆ. ತನ್ನ ಊರಿನ ಮಟ್ಟಿಗೆ ಈತ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. ಶೆಟ್ಲೆಂಡಿನಲ್ಲಿ ಆಗ ಭೂಮಾಲೀಕನ ಹೊಲ ಗೇಯುವವನು ಹಿಡಿದ ಮೀನನ್ನೂ ಅದೇ ಮಾಲೀಕನಿಗೆ, ಆತ ಹೇಳಿದ ಬೆಲೆಗೆ ಒಪ್ಪಿಸಬೇಕಿತ್ತು. ಬೇರೆಯವರಿಗೆ ಮಾರಿದರೆ ಮನೆ–ಹೊಲ ಎರಡೂ ಹೋಗುತ್ತಿದ್ದವು. ಬಿತ್ತನೆಗೆ ಮುಂಗಡ ಕೊಟ್ಟ ಅಡತ್ ಅಂಗಡಿಗೇ ತೊಗರಿ ಹಾಕಬೇಕೆಂಬ ಕಟ್ಟನ್ನು ಕಂಡ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಂಡರ್ಸನ್ 1836ರಲ್ಲಿ ಶೆಟ್ಲೆಂಡಿನ ಮೊದಲ ಪತ್ರಿಕೆಯನ್ನು ತೆಗೆದ. ಮರುವರ್ಷ ಮೀನುಗಾರಿಕೆಗೆಂದೇ ಒಂದು ಕಂಪನಿ ಮಾಡಿ, ವೈಲಾ ದ್ವೀಪವನ್ನು ಗೇಣಿಗೆ ಹಿಡಿದು, ಆ ಪದ್ಧತಿಗೆ ನೇರವಾಗಿ ಎದುರು ನಿಂತ. ಶೆಟ್ಲೆಂಡಿನ ಹೆಣ್ಣುಮಕ್ಕಳು ಉಣ್ಣೆಯಲ್ಲಿ ಹೆಣೆದ ನವಿರಾದ ಕಾಲುಚೀಲಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟು, ಆ ಹೆಣಿಗೆಗೆ ಲಂಡನ್ನಿನಲ್ಲಿ ಗಿರಾಕಿಗಳನ್ನು ಹುಟ್ಟಿಸಿದ. ಇಂಥವನು ಸಂಸತ್ತಿಗೆ ಹೋದದ್ದು ಜನಸೇವೆಯ ಮುಂದುವರಿಕೆ ಎಂದು ಬರೆದರೆ ಸಹಜವಾಗಿಯೇ ಕಾಣುತ್ತದೆ. ಆದರೆ ಆತನ ಕಂಪನಿಯ ಉಸಿರು ನಿಂತದ್ದು ಸರ್ಕಾರದ ಅಂಚೆ ಹಣದ ಮೇಲೆ. ಆ ಹಣಕ್ಕೆ ಪ್ರತಿ ವರ್ಷ ಮಂಜೂರಾತಿ ಕೊಡುವ ಸಭೆಯಲ್ಲಿ ಆತನೇ ಕುಳಿತಿದ್ದ. ಇದನ್ನು ಅಡಿಟಿಪ್ಪಣಿಯಲ್ಲಿ ಹೇಳಿ ಮುಂದೆ ಹೋಗಬೇಕೆ, ಅಥವಾ ಇದನ್ನೇ ಪ್ರಬಂಧದ ನಡುಗಂಬ ಮಾಡಬೇಕೆ?

ಉತ್ತರ: ನಿವೃತ್ತ ಆರ್‌ಎಂಎಸ್ ನೌಕರ, ಯಾದಗಿರಿ

ಮೇಡಂ, ಶರಣು. ಸೇವೆಯುದ್ದಕ್ಕೂ ರೈಲಿನ ಡಬ್ಬಿಯಲ್ಲಿ ಅಂಚೆ ವಿಂಗಡಿಸಿದವನು ನಾನು. ಈ ವಿಷಯ ಕಂಡಾಗ ಬರೆಯದೆ ಇರಲಾಗಲಿಲ್ಲ. ಗುತ್ತಿಗೆಯನ್ನೇ ನಡುಗಂಬ ಮಾಡಿರಿ ಎಂಬುದು ನನ್ನ ಸಲಹೆ. ಆದರೆ ಗುತ್ತಿಗೆ ಎಂದ ಕೂಡಲೇ ಪುಕ್ಕಟೆ ಹಣ ಎಂಬ ಭಾವನೆ ಓದುಗರಲ್ಲಿ ಮೂಡದಂತೆ, ಅದರಲ್ಲಿ ಏನೇನಿತ್ತು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು.

ಗಾಳಿಯನ್ನು ನಂಬಿದ ಹಾಯಿಹಡಗು ಯಾವ ದಿನ ತಲುಪುತ್ತದೆಂದು ಯಾರೂ ಮಾತು ಕೊಡಲಾಗುತ್ತಿರಲಿಲ್ಲ. ಉಗಿಹಡಗು ಆ ಮಾತು ಕೊಟ್ಟಿತು, ಸರ್ಕಾರ ದುಡ್ಡು ಕೊಟ್ಟದ್ದು ಆ ಮಾತಿಗೆ. ತಡವಾದರೆ ದಂಡ ಬೀಳುತ್ತಿತ್ತು. ಅಂಚೆಯ ಮೇಲ್ವಿಚಾರಣೆಗೆ ನೌಕಾಪಡೆಯ ಒಬ್ಬ ಅಧಿಕಾರಿ ಹಡಗಿನಲ್ಲೇ ಪ್ರಯಾಣ ಮಾಡುತ್ತಿದ್ದ. 1837ರಿಂದ 1860ರವರೆಗೆ ಈ ಗುತ್ತಿಗೆಗಳೆಲ್ಲ ಅಂಚೆ ಇಲಾಖೆಯ ಕೈಯಲ್ಲಿರದೆ ನೌಕಾಡಳಿತದ ಕೈಯಲ್ಲಿದ್ದವು. ಆದ್ದರಿಂದ ಯುದ್ಧ ಬಂದರೆ ತೋಪು ಹೊರುವಷ್ಟು ಗಟ್ಟಿಯಾದ ಹಡಗುಗಳೇ ಬೇಕೆಂಬ ಷರತ್ತೂ ಇತ್ತು. ಹಾಗೆ ಕಟ್ಟಿದ ಹಡಗಿಗೆ ಖರ್ಚೂ ಹೆಚ್ಚು, ಸರಕು ತುಂಬಲು ಉಳಿಯುವ ಜಾಗವೂ ಕಡಿಮೆ.

ಎಲ್ಲಕ್ಕಿಂತ ಭಾರವಾದ ಖರ್ಚು ಕಲ್ಲಿದ್ದಲಿನದು. ಏಡನ್, ಶ್ರೀಲಂಕಾದ ಗಾಲೆ ಮುಂತಾದ ಬಂದರುಗಳಲ್ಲಿ ಇದ್ದಲಿನ ಗುಡ್ಡಗಳನ್ನೇ ಕೂಡಿಡಬೇಕಿತ್ತು. ಆ ಇದ್ದಲು ಬ್ರಿಟನ್ನಿನಿಂದ ಹಾಯಿಹಡಗುಗಳಲ್ಲಿ, ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತುಹಾಕಿ ಬರಬೇಕಾಗಿತ್ತು. ಸರ್ಕಾರದ ಹಣವಿಲ್ಲದೆ ಇಂಥ ಸಾಗಾಟವನ್ನು ನಿಯತವಾಗಿ ನಡೆಸುವ ಶಕ್ತಿ ಆ ಕಾಲದ ಯಾವ ಖಾಸಗಿ ಕಂಪನಿಗೂ ಇರಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಆಂಡರ್ಸನ್‌ನ ಸ್ವಭಾವ ತಿಳಿಯಬೇಕಾದರೆ 1837ರ ಒಂದು ಘಟನೆ ಸಾಕು. ಗುತ್ತಿಗೆ ಶುರುವಾದ ತಿಂಗಳಲ್ಲೇ ‘ಡಾನ್ ಹ್ವಾನ್’ ಎಂಬ ಅವರ ಹಡಗು ಮರಳಿ ಬರುವಾಗ, ದಟ್ಟ ಮಂಜಿನಲ್ಲಿ ಸ್ಪೇನಿನ ತರೀಫಾ ಬಳಿ ಬಂಡೆಗೆ ಬಡಿದು ನಿಂತಿತು. ಆಂಡರ್ಸನ್ ಆ ಹಡಗಿನಲ್ಲಿಯೇ ಇದ್ದ. ಹೊಚ್ಚಹೊಸ ಹಡಗು ಕಣ್ಣೆದುರೇ ಹಾಳಾಯಿತು. ಆದರೂ ಅಂಚೆಯನ್ನು ಮಾತ್ರ ದಡ ಮುಟ್ಟಿಸಿದರು. ನಾವು ಇಲಾಖೆಗೆ ಸೇರಿದಾಗ ಹಿರಿಯರು ಕಲಿಸಿದ ಮೊದಲ ಪಾಠವೂ ಅದೇ: ಏನೇ ಆಗಲಿ, ಚೀಲ ಮೊದಲು.

ಭಾರತಕ್ಕೆ ಬರುವ ದಾರಿಯಂತೂ ಇಂದು ಊಹಿಸಲೂ ಕಷ್ಟ. ಅಲೆಕ್ಸಾಂಡ್ರಿಯದಲ್ಲಿ ಹಡಗಿನಿಂದ ಇಳಿಯಬೇಕು. ಕಾಲುವೆಯಲ್ಲಿ ದೋಣಿ, ನೈಲ್ ನದಿಯಲ್ಲಿ ಚಿಕ್ಕ ಉಗಿಹಡಗು, ಕೈರೋದಿಂದ ಸೂಯೆಜ್‌ವರೆಗೆ ಮರಳುಗಾಡಿನಲ್ಲಿ ಕುದುರೆ ಗಾಡಿ. ಸರಕು, ಪೆಟ್ಟಿಗೆಗಳೆಲ್ಲ ಒಂಟೆಗಳ ಮೇಲೆ. ಸೂಯೆಜ್‌ನಲ್ಲಿ ಮತ್ತೊಂದು ಹಡಗು ಹತ್ತಬೇಕು. ಈಜಿಪ್ಟಿನಲ್ಲಿ ರೈಲು ಬಂದದ್ದು 1850ರ ದಶಕದ ಕೊನೆಯ ಭಾಗದಲ್ಲಿ.

ನಮ್ಮ ಭಾಗದ ಸಂಬಂಧವನ್ನೂ ನಿಮ್ಮ ಪ್ರಬಂಧದಲ್ಲಿ ಸೇರಿಸಿರಿ. 1868ರ ಹೊತ್ತಿಗೆ ಭಾರತದ ಅಂಚೆಯೆಲ್ಲ ಮುಂಬಯಿಯಲ್ಲೇ ಇಳಿಯುವಂತೆ ಏರ್ಪಾಡಾಯಿತು. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ದಾಟಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿತು. ಆ ಮೇಲೆ ಲಂಡನ್ನಿನಿಂದ ಮದ್ರಾಸಿಗೆ ಹೋಗುವ ಕಾಗದಗಳು ನಿಜಾಮರ ಸೀಮೆಯ ನಮ್ಮ ನಿಲ್ದಾಣಗಳ ಮೂಲಕವೇ ಹಾದು ಹೋದವು. ಇದನ್ನು ನೋಡಲು ಆಂಡರ್ಸನ್ ಬದುಕಿರಲಿಲ್ಲ, 1868ರ ಫೆಬ್ರುವರಿಯಲ್ಲೇ ತೀರಿಕೊಂಡಿದ್ದ.

ಉತ್ತರ: ವಕೀಲ, ಬೀದರ್

ಮೇಡಂ ಕೇಳಿದ್ದರಲ್ಲಿ ಕಾನೂನಿನ ಎಳೆಯೊಂದಿದೆ. ಅದನ್ನು ಬಿಟ್ಟರೆ ಆಂಡರ್ಸನ್‌ನ ರಾಜಕೀಯ ಜೀವನ ಅರ್ಥವಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸರ್ಕಾರದ ಗುತ್ತಿಗೆದಾರರು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಕೂರಬಾರದೆಂದು ಬ್ರಿಟನ್ನಿನಲ್ಲಿ 1782ರಲ್ಲೇ ಕಾಯ್ದೆಯಾಗಿತ್ತು. ಗುತ್ತಿಗೆಯ ಆಸೆ ತೋರಿಸಿ ಮಂತ್ರಿಗಳು ಸದಸ್ಯರ ಮತಗಳನ್ನು ಕೊಳ್ಳುತ್ತಿದ್ದಾರೆಂಬ ಆಕ್ಷೇಪವೇ ಅದಕ್ಕೆ ಕಾರಣ. ಆದರೆ ಆ ಕಾಯ್ದೆಯಲ್ಲೇ ಒಂದು ಬಾಗಿಲು ತೆರೆದಿತ್ತು: ಹತ್ತಕ್ಕಿಂತ ಹೆಚ್ಚು ಜನರಿಂದ ಕೂಡಿದ, ವಿಧಿವತ್ತಾಗಿ ಸ್ಥಾಪಿತವಾದ ವ್ಯಾಪಾರಿ ಕಂಪನಿಯೊಂದು ಕಂಪನಿಯ ಹಿತಕ್ಕಾಗಿ ಮಾಡಿಕೊಂಡ ಗುತ್ತಿಗೆಗೆ ಈ ನಿಷೇಧ ಅನ್ವಯಿಸುವುದಿಲ್ಲ. 1837ರಲ್ಲಿ ಗುತ್ತಿಗೆ ಹಿಡಿದಾಗ ಅವರದು ಖಾಸಗಿ ಪಾಲುದಾರಿಕೆಯ ವ್ಯವಹಾರ. 1840ರ ಸನ್ನದಿನ ನಂತರ ಗುತ್ತಿಗೆ ಕಂಪನಿಯದಾಯಿತು. ಈ ಕಾರಣದಿಂದ 1847ರಲ್ಲಿ ಆಂಡರ್ಸನ್ ಆರ್ಕ್ನಿ–ಶೆಟ್ಲೆಂಡಿನಿಂದ ಆಯ್ಕೆಯಾದಾಗ ಕಾನೂನಿನ ಅಡ್ಡಿ ಇರಲಿಲ್ಲ. ಅದೇ ಚುನಾವಣೆಯಲ್ಲಿ ವಿಲ್ಕಾಕ್ಸ್ ಕೂಡ ಕಂಪನಿಯ ಹಡಗುಗಳು ಹೊರಡುವ ಸೌಥಾಂಪ್ಟನ್ ಬಂದರಿನಿಂದ ಗೆದ್ದು, 1862ರಲ್ಲಿ ಸಾಯುವವರೆಗೂ ಸಂಸದನಾಗಿದ್ದ. ಅಂದರೆ ಒಂದೇ ಕಂಪನಿಯ ಇಬ್ಬರು ನಿರ್ದೇಶಕರು ಒಂದೇ ವರ್ಷ ಒಂದೇ ಸಭೆ ಸೇರಿದರು. ಆಂಡರ್ಸನ್‌ನನ್ನು ಒಂಟಿಯಾಗಿ ನೋಡಿದರೆ ಊರಿನ ಮೇಲಿನ ಅಭಿಮಾನ ಕಾಣುತ್ತದೆ. ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಂಪನಿಯ ಹಿತವೂ ಜೊತೆಗೆ ಕಾಣುತ್ತದೆ. ಎರಡೂ ನಿಜವೆಂದೇ ನನ್ನ ಭಾವನೆ.

ಹೀಗಿದ್ದೂ ಸಭೆ ಕಣ್ಣು ಮುಚ್ಚಿ ಕುಳಿತಿರಲಿಲ್ಲ. 1849ರಲ್ಲಿ ಅಂಚೆ ಹಡಗುಗಳ ಗುತ್ತಿಗೆಗಳ ಬಗ್ಗೆ, 1851ರಲ್ಲಿ ಭಾರತದೊಂದಿಗಿನ ಉಗಿಹಡಗು ಸಂಪರ್ಕದ ಬಗ್ಗೆ ಕಾಮನ್ಸ್ ಸಭೆಯ ಆಯ್ಕೆ ಸಮಿತಿಗಳು ವಿಚಾರಣೆ ನಡೆಸಿದವು. 1851ರಲ್ಲಿ ಹುಟ್ಟಿದ ಈಸ್ಟರ್ನ್ ಸ್ಟೀಮ್ ನ್ಯಾವಿಗೇಶನ್ ಕಂಪನಿ ಪೈಪೋಟಿಗೆ ನಿಂತಿತಾದರೂ, 1853ರಿಂದ ಜಾರಿಗೆ ಬಂದ ಹೊಸ ಗುತ್ತಿಗೆ ಪಿ ಅಂಡ್ ಓ ಪಾಲಾಯಿತು. ಸೋತ ಆ ಕಂಪನಿಯೇ ಮುಂದೆ ಎಂಜಿನಿಯರ್ ಬ್ರುನೆಲ್‌ನ ಪ್ರಸಿದ್ಧ ‘ಗ್ರೇಟ್ ಈಸ್ಟರ್ನ್’ ಹಡಗನ್ನು ಕಟ್ಟಲು ಕೈಹಾಕಿತು.

ಚುನಾವಣೆ ಎಂದಾಗ ಇಂದಿನ ಚುನಾವಣೆಯನ್ನು ಕಣ್ಣ ಮುಂದೆ ತಂದುಕೊಳ್ಳಬಾರದು. 1832ರ ಸುಧಾರಣಾ ಕಾಯ್ದೆ ಬರುವವರೆಗೂ ಶೆಟ್ಲೆಂಡಿನವರಿಗೆ ಮತವೇ ಇರಲಿಲ್ಲ. ಬಂದ ಮೇಲೂ ಆಸ್ತಿಯುಳ್ಳ ಕೆಲವರಿಗಷ್ಟೇ ಇತ್ತು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಭೂಮಾಲೀಕನ ಎದುರಿನಲ್ಲಿ ಬಾಯಿಬಿಟ್ಟು ಹೆಸರು ಹೇಳಿ ಮತ ಹಾಕಬೇಕಾದ ಕಾಲದಲ್ಲಿ, ಡುಂಡಾಸ್ ಎಂಬ ಪ್ರಬಲ ಮನೆತನದ ಹಿಡಿತದಲ್ಲಿದ್ದ ಕ್ಷೇತ್ರವನ್ನು ಆಂಡರ್ಸನ್ ಗೆದ್ದದ್ದು ಸಣ್ಣ ಮಾತಲ್ಲ. 1852ರಲ್ಲಿ ಆ ಸ್ಥಾನ ಮತ್ತೆ ಫ್ರೆಡರಿಕ್ ಡುಂಡಾಸ್‌ನ ಕೈಗೆ ಹೋಯಿತು. ಆ ಐದು ವರ್ಷ ನಮಗೆ ಕಡಿಮೆ ಅನ್ನಿಸಬಹುದು, ಆದರೆ ಒಣಮೀನಿನ ಕಟ್ಟೆಯಲ್ಲಿ ದುಡಿದ ಹುಡುಗನೊಬ್ಬ ಆ ಮನೆತನವನ್ನು ಐದು ವರ್ಷ ಹೊರಗಿಟ್ಟ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ವಿದ್ಯಾರ್ಥಿಗಳಿಗೆ ಹೇಳುವಾಗ ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮನ್ನು ಪಕ್ಕದಲ್ಲಿಡಿರಿ. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ನಡೆಸುವ ಗುತ್ತಿಗೆ ಜಾರಿಯಲ್ಲಿರುವವನು ಅನರ್ಹ ಎನ್ನುತ್ತದೆ ಅದು. ಗುತ್ತಿಗೆ ಯಾರ ಹೆಸರಿನಲ್ಲಿದೆ, ಲಾಭ ಯಾರ ಮನೆಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮ ಕೋರ್ಟುಗಳ ಮುಂದೆ ಇಂದಿಗೂ ಬರುತ್ತಲೇ ಇರುತ್ತದೆ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಹಿರಿಯರಿಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ, ಹಡಗಿನಲ್ಲಿ ಅಂಚೆಯ ಜೊತೆ ಬೇರೆ ಏನಿತ್ತು ಎಂಬುದನ್ನು ಮೇಡಂ ಅವರ ಗಮನಕ್ಕೆ ತರಬಯಸುತ್ತೇನೆ. ಈವರೆಗಿನ ಮಾತುಗಳಲ್ಲಿ ಅಫೀಮಿನ ಹೆಸರೇ ಬಂದಿಲ್ಲ.

1845ರಲ್ಲಿ ಪಿ ಅಂಡ್ ಓ ಸೇವೆ ಹಾಂಗ್‌ಕಾಂಗ್‌ವರೆಗೆ ಬೆಳೆಯಿತು. ಸ್ವಲ್ಪ ಸಮಯದಲ್ಲೇ ಮುಂಬಯಿಯಿಂದ ಚೀನಾಕ್ಕೂ ಹಡಗು ಓಡತೊಡಗಿತು. ಮಾಳವದ ಅಫೀಮು ಮುಂಬಯಿಯಿಂದ, ಬಿಹಾರ ಮತ್ತು ಬನಾರಸಿನ ಅಫೀಮು ಕಲ್ಕತ್ತೆಯಿಂದ ಆ ಹಡಗುಗಳಲ್ಲಿ ಹೋಯಿತು. ಮಾಳವದ ಒಂದು ಪೆಟ್ಟಿಗೆ ಎಂದರೆ ಸುಮಾರು 63 ಕಿಲೋ. ತೂಕ ಕಡಿಮೆ, ಬೆಲೆ ಬಹಳ. ಆರ್‌ಎಂಎಸ್ ಸರ್ ಹೇಳಿದಂತೆ ಸರಕಿಗೆ ಜಾಗ ಕಡಿಮೆ ಇರುವ ಅಂಚೆ ಹಡಗಿಗೆ ಇದಕ್ಕಿಂತ ಹೊಂದುವ ಸರಕು ಮತ್ತೊಂದಿಲ್ಲ. ನಿಶ್ಚಿತ ದಿನಕ್ಕೆ ಹೊರಟು ನಿಶ್ಚಿತ ದಿನಕ್ಕೆ ಮುಟ್ಟುವುದು ಅಂಚೆಯ ಷರತ್ತು. ಆ ಷರತ್ತಿನ ಲಾಭ ಅಫೀಮಿನ ವ್ಯಾಪಾರಿಗೂ ಸಿಕ್ಕಿತು. ಬ್ರಿಟಿಷ್ ತೆರಿಗೆದಾರನ ಹಣದಿಂದ ನಿಯತವಾದ ಹಡಗುದಾರಿಯಲ್ಲಿ, ಚೀನಾದ ಸರ್ಕಾರ ಬೇಡವೆಂದ ಸರಕು ಚೀನಾ ಸೇರಿತು. ಆಂಡರ್ಸನ್ ಸಂಸದನಾಗಿದ್ದ ವರ್ಷಗಳಲ್ಲೇ ಇದು ನಡೆಯುತ್ತಿತ್ತು.

ಹಡಗಿನ ಕೆಳಗಿನ ಅಂತಸ್ತಿನ ಮಾತೂ ಬರಬೇಕು. ಪಿ ಅಂಡ್ ಓ ಹಡಗುಗಳಲ್ಲಿ ಲಸ್ಕರರು ಎಂದು ಕರೆಯುತ್ತಿದ್ದ ಭಾರತದ ನಾವಿಕರು ಬಹುಸಂಖ್ಯೆಯಲ್ಲಿ ದುಡಿದರು. ಬ್ರಿಟಿಷ್ ನಾವಿಕರಿಗಿಂತ ಅವರ ಸಂಬಳ ಬಹಳ ಕಡಿಮೆ. ಕೆಂಪು ಸಮುದ್ರದ ಬೇಸಿಗೆಯಲ್ಲಿ, ಕುಲುಮೆಯ ಬಾಯಿಗೆ ಇದ್ದಲು ಎಸೆಯುವ ಕೆಲಸ ಹೇಗಿದ್ದೀತು ಎಂಬುದನ್ನು ಶಹಾಬಾದಿನ ಕಲ್ಲುಗಣಿಗಳ ಬಿಸಿಲು ಬಲ್ಲ ನಾವು ಸ್ವಲ್ಪವಾದರೂ ಊಹಿಸಬಹುದು. ಆಂಡರ್ಸನ್ ಹೆಂಡತಿ ತೀರಿಕೊಂಡ ಮರುವರ್ಷ, 1865ರಲ್ಲಿ, ಆಕೆಯ ನೆನಪಿಗೆ ಲರ್ವಿಕ್‌ನಲ್ಲಿ ನಾವಿಕರ ಮತ್ತು ಮೀನುಗಾರರ ವಿಧವೆಯರಿಗೆ ಮನೆಗಳನ್ನು ಕಟ್ಟಿಸಿಕೊಟ್ಟ. ಅದು ಹೊಗಳಬೇಕಾದ ಕೆಲಸವೇ. ಆ ಮನೆಗಳ ಪಕ್ಕದಲ್ಲಿ ಲಸ್ಕರರ ಹೆಂಡತಿ–ಮಕ್ಕಳ ಪ್ರಶ್ನೆಯನ್ನೂ ಇಟ್ಟು ಓದಿದರೆ ಮಾತ್ರ ಆತನ ಕರುಣೆಯ ಗಡಿ ಎಲ್ಲಿತ್ತೆಂದು ತಿಳಿಯುತ್ತದೆ. ಶೆಟ್ಲೆಂಡಿನ ಮೀನುಗಾರನ ಕಟ್ಟುಗಳನ್ನು ಅಷ್ಟು ಸ್ಪಷ್ಟವಾಗಿ ಕಂಡವನು ತನ್ನದೇ ಹಡಗಿನ ಕೆಳಗಿನ ಅಂತಸ್ತನ್ನು ಅದೇ ಕಣ್ಣಿನಿಂದ ಏಕೆ ನೋಡಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳವಾಗಿ ಕಾಡುತ್ತದೆ, ಪ್ರಬಂಧದಲ್ಲಿ ಅದಕ್ಕೆ ಜಾಗ ಸಿಗಲೇಬೇಕು.

ಹೋಲಿಕೆಗೆ ಬೇಕಿದ್ದರೆ ವಿಲಿಯಂ ಶಾ ಲಿಂಡ್ಸೆಯನ್ನೂ ನೋಡಿರಿ. ಆತನೂ ಸ್ಕಾಟ್ಲೆಂಡಿನವನೇ, ಬಡ ಹಡಗು ಹುಡುಗನಾಗಿ ದುಡಿಮೆ ಶುರುಮಾಡಿ ದೊಡ್ಡ ಹಡಗು ಮಾಲೀಕನಾದ, 1854ರಲ್ಲಿ ಸಂಸದನೂ ಆದ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣ ರಾಜ್ಯಗಳಿಗೆ ಮನ್ನಣೆ ದೊರಕಿಸಲು 1862ರಲ್ಲಿ ಮೂರನೆಯ ನೆಪೋಲಿಯನ್ನನನ್ನೇ ಕಂಡು ಬಂದ. ಮುಕ್ತ ವ್ಯಾಪಾರದ ಹೆಸರಿನಲ್ಲಿ ಇಬ್ಬರೂ ಎಷ್ಟು ದೂರ ಹೋಗಬಲ್ಲವರಾಗಿದ್ದರು ಎಂಬುದು ಅದರಿಂದ ತಿಳಿದೀತು.

ಪ್ರಶ್ನೆ ಕೇಳಿದವರು: ಇತಿಹಾಸ ಉಪನ್ಯಾಸಕಿ, ಕಲಬುರಗಿ

ಮೂವರಿಗೂ ಮನಃಪೂರ್ವಕ ಶರಣು. ಗುತ್ತಿಗೆಯನ್ನೇ ನಡುಗಂಬ ಮಾಡುತ್ತೇನೆ. ವಕೀಲ ಸಾಹೇಬರು ಹೇಳಿದ 1782ರ ಕಾಯ್ದೆಯಿಂದ ರಾಜಕೀಯದ ಭಾಗ ಆರಂಭವಾಗುತ್ತದೆ, ಅಫೀಮು ಮತ್ತು ಲಸ್ಕರರ ವಿಷಯಕ್ಕೆ ಬೇರೆಯೇ ಭಾಗ ಕೊಡುತ್ತೇನೆ. ಶಾಲೆ ಮತ್ತು ವಿಧವೆಯರ ಮನೆಗಳನ್ನು ಕೊನೆಗೆ ಇಡದೆ ಅದರ ಜೊತೆಯಲ್ಲೇ ತರುವುದು ನ್ಯಾಯವೆನ್ನಿಸುತ್ತಿದೆ. ಕೊನೆಗಿಟ್ಟರೆ ಓದುಗರ ಮನಸ್ಸಿನಲ್ಲಿ ದಾನವೊಂದೇ ಉಳಿಯುತ್ತದೆ.

ಇನ್ನೊಂದು ವಿಷಯ ತಿಳಿಯಬೇಕಿದೆ. ಸೂಯೆಜ್ ಕಾಲುವೆ ತೋಡಬೇಕೆಂದು ಆಂಡರ್ಸನ್ 1840ರ ದಶಕದಲ್ಲೇ ಹೇಳಿದ್ದನೆಂದು ಓದಿದ್ದೇನೆ. ಕಾಲುವೆ ಬಂದ ಮೇಲೆ ಆತನ ಕಂಪನಿಗೆ ಲಾಭವಾಯಿತೆ?

ಉತ್ತರ: ನಿವೃತ್ತ ಆರ್‌ಎಂಎಸ್ ನೌಕರ, ಯಾದಗಿರಿ

ಮೊದಲಿಗೆ ನಷ್ಟವೇ ಆಯಿತು, ಮೇಡಂ. ಆಂಡರ್ಸನ್ 1841ರಲ್ಲಿ ಈಜಿಪ್ಟಿಗೆ ಹೋಗಿ ಬಂದು ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್‌ಗೆ ಪತ್ರ ಬರೆದ. ಕಾಲುವೆ ತೋಡುವುದು ಸಾಧ್ಯವೆಂದು 1843ರಲ್ಲಿ ಒಂದು ಕಿರುಹೊತ್ತಗೆಯನ್ನೂ ಹೊರತಂದ. ಆದರೆ ಫ್ರಾನ್ಸಿನ ಲೆಸೆಪ್ಸ್ ಆ ಕೆಲಸಕ್ಕೆ ಕೈಹಾಕಿದಾಗ ಅದೇ ಪಾಮರ್‌ಸ್ಟನ್ ಅದನ್ನು ಬಲವಾಗಿ ವಿರೋಧಿಸಿದ. ಕಾಲುವೆ ತೆರೆದದ್ದು 1869ರ ನವೆಂಬರ್ 17ರಂದು, ಆಂಡರ್ಸನ್ ಸತ್ತ ಮರುವರ್ಷ.

ಅಷ್ಟರಲ್ಲಿ ಕಂಪನಿಯ ಹಣವೆಲ್ಲ ಈಜಿಪ್ಟಿನ ಎರಡು ಬದಿಗೆ ಬೇರೆ ಬೇರೆಯಾಗಿ ಓಡುವ ಹಡಗುಗಳಲ್ಲಿ ಮತ್ತು ನಡುವಿನ ಭೂದಾರಿಯ ಏರ್ಪಾಡಿನಲ್ಲಿ ತೊಡಗಿತ್ತು. ಕಾಲುವೆಗೆಂದೇ ಕಟ್ಟಿದ ಹೊಸ ಹಡಗುಗಳೊಡನೆ ಬೇರೆ ಕಂಪನಿಗಳು ಪೈಪೋಟಿಗೆ ಬಂದವು. ಅದಕ್ಕಿಂತ ಕಷ್ಟವಾದದ್ದು ಗುತ್ತಿಗೆಯ ಷರತ್ತು. ಕಾಲುವೆ ತೆರೆದ ಮೇಲೂ ಕೆಲವು ವರ್ಷ ಬ್ರಿಟಿಷ್ ಅಂಚೆ ಇಲಾಖೆ ತನ್ನ ಅಂಚೆಯನ್ನು ಆ ನೀರಿನ ದಾರಿಯಲ್ಲಿ ಒಯ್ಯಲು ಒಪ್ಪಲಿಲ್ಲ. ಆದ್ದರಿಂದ ಹಡಗು ಸರಕಿನೊಡನೆ ಕಾಲುವೆ ದಾಟುತ್ತಿದ್ದರೂ, ಅಂಚೆಯನ್ನು ಅಲೆಕ್ಸಾಂಡ್ರಿಯದಲ್ಲಿ ಇಳಿಸಿ ರೈಲಿನಲ್ಲಿ ಸೂಯೆಜ್‌ಗೆ ಸಾಗಿಸಿ ಮತ್ತೆ ಹಡಗಿಗೆ ಏರಿಸಬೇಕಾಗುತ್ತಿತ್ತು.